ಸಂಪಾಜೆ ಗೇಟಿನಲ್ಲಿ ಮೂಗಿನ ಲೆಕ್ಕ

ಸುಳ್ಯದಿಂದ ಮಡಿಕೇರಿ ಬಸ್ಸು ಹತ್ತಿ, ಅರಂತೋಡು, ಕಲ್ಲುಗುಂಡಿ ದಾಟಿ ಸಂಪಾಜೆ ಗೇಟಿನಲ್ಲಿ ಇಳಿದರೆ ಮೊದಲು ಮೂಗಿಗೆ ತಾಗುವುದು ಹಸಿ ಗಾಳಿ. ರಸ್ತೆಯ ಅತ್ತ ಇತ್ತ ಅಡಿಕೆ, ರಬ್ಬರು, ತಗ್ಗಿನಲ್ಲಿ ಪಯಸ್ವಿನಿ ಹೊಳೆ. ಗೇಟಿನ ಈಚೆಯದು ದಕ್ಷಿಣ ಕನ್ನಡದ ಸಂಪಾಜೆ, ಆಚೆಯದು ಕೊಡಗಿನ ಸಂಪಾಜೆ. ಹೆಸರು ಒಂದೇ, ಪಂಚಾಯತು ಎರಡು, ಜಿಲ್ಲೆ ಎರಡು. ಮುಂದೆ ಕೊಯನಾಡು, ಜೋಡುಪಾಲ, ಮದೆನಾಡು ಎಂದು ಘಾಟಿ ಏರುತ್ತಾ ಹೋಗುತ್ತದೆ. ಸುಮಾರು 30 ಕಿ.ಮೀ. ದೂರದ ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ.

ಚಾ ಕುಡಿಯಲು ಹೋಟೆಲಿಗೆ ಹೊಕ್ಕರೆ ಅರೆಭಾಷೆ, ತುಳು, ಕನ್ನಡ, ಮಲಯಾಳ ಎಲ್ಲವೂ ಒಟ್ಟಿಗೇ ಕೇಳುತ್ತವೆ. ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯ ಸೀಮೆಯ ರಬ್ಬರು ತೋಟಗಳಲ್ಲಿ ನೆಲೆ ಕಂಡವರಿಂದಾಗಿ ತಮಿಳೂ ಈ ಕಡೆಗೆ ಹೊಸದಲ್ಲ. ಅಡಿಕೆಯ ಹಳದಿ ಎಲೆ ರೋಗದ ಮಾತು ನಡೆದಿದ್ದ ಬೆಂಚಿನಲ್ಲಿ ನಾನು ಮೂಗಿನ ವಿಷಯ ಎತ್ತಿದೆ. ಹಿರಿಯರೊಬ್ಬರು ತಡಮಾಡದೆ ಹೇಳಿದರು: "ಮೇಲೆ ಮಡಿಕೇರಿಗೆ ಹೋದ್ರೆ ಮೂಗು ಕಟ್ತದೆ, ಕೆಳಗೆ ಬಂದ್ರೆ ಬಿಡ್ತದೆ ಮಾರಾಯ್ರೆ."

ಅವರ ಅನುಭವಕ್ಕೆ ಕಾರಣವಿದೆ. ತಂಪು ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಿನ ಆವಿ ಕಡಿಮೆ. ಆ ಗಾಳಿಯನ್ನು ಹಾಗೆಯೇ ಎದೆಗೆ ಬಿಟ್ಟರೆ ಶ್ವಾಸಕೋಶ ತಾಳುವುದಿಲ್ಲ. ಮೂಗಿನ ಒಳಗೋಡೆಗೆ ಎರಡೂ ಬದಿಯಲ್ಲಿ ಮೂರು ಮೂರು ಸುರುಳಿ ಮೂಳೆಗಳಿವೆ, ವೈದ್ಯರು ಟರ್ಬಿನೇಟ್ ಎನ್ನುತ್ತಾರೆ. ಅವುಗಳ ಮೇಲಿನ ಒದ್ದೆ ಪೊರೆಯಲ್ಲಿ ರಕ್ತನಾಳಗಳು ದಟ್ಟವಾಗಿ ಹರಡಿವೆ. ಸುರುಳಿಗಳ ಸಂದಿಯಲ್ಲಿ ಹಾಯುವ ಗಾಳಿಗೆ ಆ ಪೊರೆಯಿಂದ ಬಿಸಿಯೂ ತೇವವೂ ಸಿಗುತ್ತವೆ. ತಂಪು ತಾಗಿದಾಗ ಪೊರೆ ಉಬ್ಬುತ್ತದೆ, ದಾರಿ ಕಿರಿದಾಗುತ್ತದೆ, ಮೂಗು ಕಟ್ಟಿದಂತಾಗುತ್ತದೆ. ಹೊರಗೆ ಕಾಣುವ ಮೂಗು ಈ ಕೆಲಸದ ಬಾಗಿಲು ಮಾತ್ರ.

ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಈ ಸೀಮೆಗೆ ಅಳತೆಗೋಲು ಹಿಡಿದು ಬಂದವರಿಗೆ ಉಸಿರಾಟದ ಚಿಂತೆ ಇರಲಿಲ್ಲ. ಆಗ ಈಚಿನ ಸಂಪಾಜೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು, ಆಚೆಯದು ಕೂರ್ಗ್ ಪ್ರಾಂತಕ್ಕೆ. ಪ್ರೆಸಿಡೆನ್ಸಿಯ ಜನರನ್ನು ಕ್ಯಾಲಿಪರಿನಿಂದ ಅಳೆದವರು ಮದ್ರಾಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್. ಜಾತಿ, ಬುಡಕಟ್ಟುಗಳನ್ನು ಕುರಿತ ಅವರ ಏಳು ಸಂಪುಟಗಳು 1909ರಲ್ಲಿ ಬಂದವು. ಕೊಡಗಿನಲ್ಲಿ ಅಳೆದವರು ಭೂವಿಜ್ಞಾನಿ ಟಿ.ಎಚ್. ಹಾಲೆಂಡ್. ಕೊಡವರನ್ನೂ ಎರವರನ್ನೂ ಅಕ್ಕಪಕ್ಕ ಇಟ್ಟು, ಇಬ್ಬರ ನಡುವಿನ ವ್ಯತ್ಯಾಸವನ್ನೇ ತಲೆಬರಹ ಮಾಡಿ, 1901ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಪ್ರಬಂಧ ಪ್ರಕಟಿಸಿದರು. ಅದೇ ವರ್ಷದ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲೆ ಇನ್ನೂ ಮುಂದೆ ಹೋಗಿ, ಮೂಗು ಅಗಲವಾದಷ್ಟೂ ಸಮಾಜದಲ್ಲಿ ಸ್ಥಾನ ಕೆಳಗೆ ಎಂದು ಸೂತ್ರ ಕಟ್ಟಿದ್ದರು.

ಅವರ ಲೆಕ್ಕ ಸರಳ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. 70ಕ್ಕಿಂತ ಕಡಿಮೆ ಬಂದರೆ ನೀಳ, 85ಕ್ಕಿಂತ ಹೆಚ್ಚು ಬಂದರೆ ಅಗಲ, ನಡುವೆ ಇದ್ದರೆ ಮಧ್ಯಮ. ಮೂಗಿನ ದಿಣ್ಣೆ, ತುದಿಯ ಬಾಗು, ಹೊಳ್ಳೆಯ ಓರೆ, ಒಳಗಿನ ದಾರಿ ಯಾವುದೂ ಆ ಒಂದು ಸಂಖ್ಯೆಯಲ್ಲಿ ಉಳಿಯುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆ ಪ್ರಶ್ನೆ. ಒಡೆಯರ ಗದ್ದೆಯಲ್ಲಿ ಜೀತ ದುಡಿದು ಬಂದ ಎರವ ಸಮುದಾಯದ ಒಬ್ಬರು, ದೊರೆಯ ಕ್ಯಾಲಿಪರ್ ಮುಖದ ಹತ್ತಿರ ಬಂದಾಗ ಬೇಡ ಎನ್ನಲು ಸಾಧ್ಯವಿತ್ತೆ?

ರಿಸ್ಲೆಯ ಸೂತ್ರಕ್ಕೆ ಉತ್ತರ ಕೊಟ್ಟವರು ನಮ್ಮವರೇ. ಜಿ.ಎಸ್. ಘುರ್ಯೆ 1932ರ ತಮ್ಮ ಪುಸ್ತಕದಲ್ಲಿ ಅದೇ ಅಳತೆಗಳನ್ನು ಪ್ರಾಂತವಾರು ಜಾಲಾಡಿ, ದೇಶಕ್ಕೆಲ್ಲ ಅದು ಹೊಂದುವುದಿಲ್ಲ ಎಂದು ತೋರಿಸಿದರು. ಮರುವರ್ಷ ಪಿ.ಸಿ. ಮಹಾಲನೋಬಿಸ್ ರಿಸ್ಲೆಯ ಬಂಗಾಳದ ಅಂಕಿಗಳನ್ನು ಪರಿಷ್ಕರಿಸಿ ಪ್ರಕಟಿಸಿದರು. ಅನೇಕ ಅಳತೆಗಳನ್ನು ಒಟ್ಟಿಗೆ ಹೋಲಿಸುವ, ಇಂದಿಗೂ ಜಗತ್ತು ಅವರ ಹೆಸರಿನಲ್ಲೇ ಕರೆಯುವ ಸೂತ್ರ 1936ರದು.

ಈಗ ಮೂಗು ಅಳೆಯುವ ಬಗೆ ಬೇರೆ. ಸಂಪಾಜೆಯವರಿಗೆ ಹತ್ತಿರವಿರುವುದು ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜು. ಸೈನಸ್ ತೊಂದರೆ, ವಾಲಿದ ನಡುಗೋಡೆ ಎಂದು ಯಾವ ಆಸ್ಪತ್ರೆಗೆ ಹೋದರೂ ವೈದ್ಯರು ಬೇಕೆನಿಸಿದರೆ ಬರೆದುಕೊಡುವುದು ಸಿ.ಟಿ. ಸ್ಕ್ಯಾನ್. ಈ ಯಂತ್ರಕ್ಕಾಗಿ 1979ರ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಅವರ ಹೆಸರಿನ ಮಾನದಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ. ಇಷ್ಟು ಅಂತರ ಇರುವುದರಿಂದ ಮೂಗಿನೊಳಗಿನ ಟೊಳ್ಳನ್ನು ಕಂಪ್ಯೂಟರು ಸುಲಭವಾಗಿ ಬಿಡಿಸಿ ತೆಗೆಯುತ್ತದೆ. ತೆಳು ಪದರಗಳ ಚಿತ್ರಗಳನ್ನು ಹಲಸಿನ ಹಪ್ಪಳದ ಕಟ್ಟಿನಂತೆ ಒಂದರ ಮೇಲೊಂದು ಜೋಡಿಸಿದರೆ ಮೂರು ಆಯಾಮದ ಮೂಗು ಸಿದ್ಧ. ಬಳಿಕ ಹಣೆ ಸೇರುವ ತಗ್ಗು, ತುದಿ, ಎರಡು ಹೊಳ್ಳೆಗಳ ಅಂಚು ಎಂದು ಗುರುತು ಹಾಕಿ, ಎಲ್ಲರ ಮೂಗನ್ನೂ ಒಂದೇ ಗಾತ್ರಕ್ಕೆ, ಒಂದೇ ದಿಕ್ಕಿಗೆ ತಂದು ಹೋಲಿಸುತ್ತಾರೆ. ಆಗ ಉಳಿಯುವ ವ್ಯತ್ಯಾಸವೇ ನಿಜವಾದ ಆಕಾರದ ವ್ಯತ್ಯಾಸ. ಸಿ.ಟಿ.ಯಲ್ಲಿ ವಿಕಿರಣ ಇರುವುದರಿಂದ ಬರೀ ಅಳತೆಗಾಗಿ ಆರೋಗ್ಯವಂತರನ್ನು ಅದರೊಳಗೆ ಮಲಗಿಸುವುದು ಸರಿಯಲ್ಲ. ಹೊರಮೈ ಸಾಕಾದರೆ ಹಲವು ಕೋನಗಳ ಮೂರು ಆಯಾಮದ ಕ್ಯಾಮೆರಾ ಇದೆ.

ಅಂಥ ಕ್ಯಾಮೆರಾದಿಂದಲೇ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಪಶ್ಚಿಮ ಆಫ್ರಿಕಾ, ಪೂರ್ವ ಏಷ್ಯಾ, ಉತ್ತರ ಯುರೋಪ್ ಮತ್ತು ನಮ್ಮ ದಕ್ಷಿಣ ಏಷ್ಯಾ ಮೂಲದವರ ಮೂಗುಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿತು. ಮೂಗಿನ ಹೆಚ್ಚಿನ ಅಳತೆಗಳಲ್ಲಿ ಕಂಡ ಭೇದ ತಲೆಮಾರುಗಳ ಆಕಸ್ಮಿಕ ಬದಲಾವಣೆಯಿಂದಲೇ ಬರಬಹುದಾದಷ್ಟು. ಹೊಳ್ಳೆಯ ಅಗಲ ಮತ್ತು ಮೂಗಿನ ಬುಡದ ಅಗಲ ಮಾತ್ರ ಅದನ್ನು ಮೀರಿದ್ದವು. ಹೊಳ್ಳೆಯ ಅಗಲ ಪೂರ್ವಿಕರ ನೆಲೆಯ ಉಷ್ಣತೆಗೆ, ಗಾಳಿಯ ತೇವಕ್ಕೆ ಹೊಂದಿಕೊಂಡಿತ್ತು: ಬಿಸಿ, ತೇವ ಇದ್ದಲ್ಲಿ ಅಗಲ, ತಂಪು, ಒಣಹವೆ ಇದ್ದಲ್ಲಿ ಕಿರಿದು. ಹಾಗೆಂದು ಸಂಪಾಜೆಯವರ ಮೂಗು ಒಂದು ಬಗೆ, ಮಡಿಕೇರಿಯವರದು ಇನ್ನೊಂದು ಎಂದು ಹೊರಡಬೇಡಿ. ಅದು ಸಾವಿರಾರು ವರ್ಷಗಳಲ್ಲಿ, ಖಂಡಗಳ ಅಳತೆಯಲ್ಲಿ ನಡೆಯುವ ಕೆಲಸ. ಘಾಟಿಯ ಮೇಲೂ ಕೆಳಗೂ ನೆಂಟರೇ ಇರುವ ಇಲ್ಲಿ ಒಂದೇ ಮನೆಯ ಅಣ್ಣ ತಮ್ಮಂದಿರ ಮೂಗೇ ಒಂದರಂತೆ ಒಂದಿರುವುದಿಲ್ಲ.

ನನ್ನ ಮಟ್ಟಿಗೆ ತೀರ್ಮಾನ ಸ್ಪಷ್ಟ. ಮೂಗನ್ನು ಅಳೆಯಬೇಕಾದದ್ದು ಉಸಿರಿಗಾಗಿ, ಅಂತಸ್ತಿಗಾಗಿ ಅಲ್ಲ. ಕ್ಯಾಲಿಪರ್ ಹೋಗಿ ಸ್ಕ್ಯಾನ್ ಬಂದಮಾತ್ರಕ್ಕೆ ಹಳೆಯ ರೋಗ ತಾನಾಗಿ ಹೋಗುವುದಿಲ್ಲ. ಹೆಣ್ಣು ನೋಡಲು ಹೋದಲ್ಲಿ ಸಂಪಿಗೆ ಮೂಗು, ಮೊಂಡು ಮೂಗು ಎನ್ನುವ ನಾಲಗೆ ನಮ್ಮಲ್ಲಿ ಇನ್ನೂ ಇದೆ. ಆ ಮಾತನ್ನು ಬಿಡೋಣ. ನಿಮ್ಮ ಸ್ಕ್ಯಾನನ್ನು ಸಂಶೋಧನೆಗೆ ಬಳಸುತ್ತೇವೆ ಎಂದು ಯಾರಾದರೂ ಕೇಳಿದರೆ ಯಾಕೆ, ಯಾರಿಗಾಗಿ ಎಂದು ವಿಚಾರಿಸಿ. ಉತ್ತರ ಸರಿ ಕಂಡರೆ ಧಾರಾಳವಾಗಿ ಕೊಡಿ, ಸರಿ ಕಾಣದಿದ್ದರೆ ಬೇಡ ಎನ್ನಿ.