ಹವಳ ಮೊದಲೋ, ಹಳ್ಳಿ ಮೊದಲೋ?

ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯಬೇಕೆಂದು ಆಸೆಪಡುವವರಿಗೆ ಇವತ್ತು ಸಾಮಗ್ರಿಯ ಬರವಿಲ್ಲ. ಯೂಟ್ಯೂಬ್ ತೆರೆದರೆ ಕನ್ನಡದಲ್ಲೇ ಪೈಥಾನ್ ಪಾಠಗಳು ಸಿಗುತ್ತವೆ, ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳ ಕೋರ್ಸುಗಳು ಪುಕ್ಕಟೆಯಾಗಿ ಮೊಬೈಲಿಗೇ ಬರುತ್ತವೆ. ಆದರೂ ಶುರುಮಾಡಿದವರಲ್ಲಿ ಮುಗಿಸುವವರು ಬೆರಳೆಣಿಕೆಯ ಮಂದಿ. ಹಾರ್ವರ್ಡ್ ಮತ್ತು ಎಂಐಟಿ ಸೇರಿ 2012ರಲ್ಲಿ ಆರಂಭಿಸಿದ ಎಡ್‌ಎಕ್ಸ್ ತಾಣದ ಅಂಕಿಅಂಶಗಳನ್ನು ಅದೇ ಎಂಐಟಿಯ ಸಂಶೋಧಕರು ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2017-18ರಲ್ಲಿ ಕೋರ್ಸುಗಳಿಗೆ ಹೆಸರು ಬರೆಸಿದವರ ಪೈಕಿ ಕೊನೆ ಮುಟ್ಟಿದವರು ನೂರಕ್ಕೆ ಸುಮಾರು ಮೂರು ಜನ. ಈ ಲೆಕ್ಕ ಎಲ್ಲ ವಿಷಯಗಳಿಗೂ ಸೇರಿದ್ದು, ಪ್ರೋಗ್ರಾಮಿಂಗಿಗೆ ಮಾತ್ರವಲ್ಲ. ಪಾಠ ಕೈಗೆ ಸಿಕ್ಕಮಾತ್ರಕ್ಕೆ ಕಲಿಕೆ ನಡೆಯುವುದಿಲ್ಲ ಎಂಬುದಕ್ಕೆ ಅಷ್ಟು ಸಾಕು. ಹಾಗಾದರೆ ಕೊರತೆ ಪ್ರೇರಣೆಯದು ಎನ್ನುತ್ತಾರೆ. ಅಲ್ಲಿಂದ ಮುಂದೆ ಸ್ಫೂರ್ತಿ ಭಾಷಣಗಳು, ಕೋಟಿ ಸಂಬಳದ ಕಥೆಗಳು, ‘ನೂರು ದಿನದ ಸವಾಲು’ಗಳು. ಪ್ರೇರಣೆಯನ್ನು ಮೊದಲು ತುಂಬಿಸಿಕೊಂಡು ಆಮೇಲೆ ಕಲಿಯಲು ಕೂರಬೇಕೆಂಬ ಈ ಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ಕೈಯಲ್ಲೊಂದು ಸ್ವಂತ ಕೆಲಸ ಬಾಕಿ ಇದ್ದರೆ ಪ್ರೇರಣೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಪ್ರೋಗ್ರಾಮಿಂಗಿನಲ್ಲಿ ಈ ಮಾತು ಬೇರೆ ವಿದ್ಯೆಗಳಿಗಿಂತ ಹೆಚ್ಚು ಸಲ್ಲುತ್ತದೆ. ಹಾಡು ಕಲಿಯುವವರು ಒಂದು ಸ್ವರ ತಪ್ಪಿದರೂ ಹಾಡು ಮುಂದೆ ಸಾಗುತ್ತದೆ. ಕೋಡಿನಲ್ಲಿ ಒಂದು ಆವರಣ ಚಿಹ್ನೆ ಮುಚ್ಚದೆ ಬಿಟ್ಟರೆ ಏನೂ ನಡೆಯುವುದಿಲ್ಲ, ಪರದೆಯ ಮೇಲೆ ಎರರ್ ಬಂದು ಕೂರುತ್ತದೆ. ಅದೂ ಕೆಲವೊಮ್ಮೆ ತಪ್ಪಿರುವ ಸಾಲು ಬಿಟ್ಟು ಅದರ ಮುಂದಿನ ಸಾಲನ್ನು ತೋರಿಸುತ್ತದೆ. ದಿನವಿಡೀ ಇಲ್ಲ ಎನ್ನಿಸಿಕೊಳ್ಳುವ ಈ ಕೆಲಸವನ್ನು ಪುಸ್ತಕದ ಅಭ್ಯಾಸಕ್ಕಾಗಿ ಮಾಡುತ್ತಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ಏಳುವುದು ಸಹಜ. ಒಂದರಿಂದ ನೂರರವರೆಗಿನ ಅವಿಭಾಜ್ಯ ಸಂಖ್ಯೆಗಳು ಯಾರಿಗೆ ಬೇಕಾಗಿವೆ?

ಸ್ವಂತ ಕೆಲಸ ಬಾಕಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್‌ಗೆ 21 ವರ್ಷ. ಹೊಸದಾಗಿ ಕೊಂಡ 386 ಕಂಪ್ಯೂಟರನ್ನು ಅರಿತುಕೊಳ್ಳಲು ಆತ ಬರೆದ ಮೊದಲ ಪ್ರೋಗ್ರಾಮುಗಳಲ್ಲಿ ಒಂದು ಪರದೆಯ ಮೇಲೆ ಎ ಅಕ್ಷರವನ್ನೂ ಬಿ ಅಕ್ಷರವನ್ನೂ ಸರದಿಯಂತೆ ಮೂಡಿಸುತ್ತಿತ್ತು, ಅಷ್ಟೇ. ಒಂದು ಕೆಲಸ ಎ ಬರೆಯಬೇಕು, ಸಮಯ ಮುಗಿದೊಡನೆ ಪ್ರೊಸೆಸರ್ ಅದನ್ನು ಬದಿಗಿಟ್ಟು ಬಿ ಬರೆಯುವ ಕೆಲಸಕ್ಕೆ ಹೊರಳಬೇಕು. ಮನೆಯಿಂದ ಫೋನ್ ಲೈನಿನ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಸೇರಿಕೊಳ್ಳುವುದು ಆತನಿಗೆ ಬೇಕಿತ್ತು, ಆ ಎರಡು ಕೆಲಸಗಳು ಒಂದು ಮೋಡೆಮಿನಿಂದ ಓದುವುದಕ್ಕೂ ಇನ್ನೊಂದು ಕೀಲಿಮಣೆಯಿಂದ ಬಂದದ್ದನ್ನು ಕಳಿಸುವುದಕ್ಕೂ ತಿರುಗಿದವು. ಬಳಿಕ ಕಡತಗಳನ್ನು ಇಳಿಸಿಕೊಳ್ಳಬೇಕೆನಿಸಿತು. ಅದಕ್ಕೆ ಡಿಸ್ಕಿನ ಜೊತೆ ಮಾತಾಡುವ ಕೋಡ್ ಬೇಕಾಯಿತು, ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ ಬೇಕಾಯಿತು. ಆಗಸ್ಟ್ 25ರಂದು ಆತ ಇದನ್ನು ಬರೀ ಹವ್ಯಾಸವೆಂದೇ ಪ್ರಕಟಿಸಿದ. ಅದೇ ಲಿನಕ್ಸ್, ಇಂದು ಪ್ರತಿ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಅದರ ಕರ್ನೆಲ್. ಆಪರೇಟಿಂಗ್ ಸಿಸ್ಟಮ್ ಬರೆಯುತ್ತೇನೆಂಬ ಸಂಕಲ್ಪದಿಂದ ಆತ ಹೊರಟಿದ್ದರೆ ಬಹುಶಃ ಅದು ಎ, ಬಿಗಳಲ್ಲೇ ನಿಲ್ಲುತ್ತಿತ್ತು.

ಮೇಧಾವಿಗಳ ಉದಾಹರಣೆ ನಮಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಇಲ್ಲಿ ಗಮನಿಸಬೇಕಾದದ್ದು ವ್ಯಕ್ತಿಯ ಗಾತ್ರವಲ್ಲ, ಅಗತ್ಯದ ಗಾತ್ರ. ಟೊರ್ವಾಲ್ಡ್ಸ್‌ನ ಅಗತ್ಯ ಚಿಕ್ಕದಾಗಿತ್ತು, ಆತನದೇ ಆಗಿತ್ತು. ನಮ್ಮ ಮಟ್ಟದ ಒಂದು ಕೆಲಸವನ್ನೇ ತೆಗೆದುಕೊಳ್ಳೋಣ. ಊರಿನ ಗ್ರಂಥಾಲಯದ ಕನ್ನಡ ಪುಸ್ತಕಗಳನ್ನು ಅಕಾರಾದಿಯಾಗಿ ಜೋಡಿಸಬೇಕು. ಪೈಥಾನಿನಲ್ಲಿ ಪಟ್ಟಿಯನ್ನು ಜೋಡಿಸಲು ಒಂದೇ ಸಾಲು ಸಾಕು ಎಂದು ಪಾಠ ಹೇಳುತ್ತದೆ. ಮಾಡಿ ನೋಡಿದರೆ ‘ಹಳ್ಳಿ’ಯಿಂದ ಶುರುವಾಗುವ ಹೆಸರು ‘ಹವಳ’ಕ್ಕಿಂತ ಮೊದಲು ಬರುತ್ತದೆ. ನಿಘಂಟು ತಿರುವಿ ಹಾಕಿದವರಿಗೆಲ್ಲ ಇದು ತಪ್ಪೆಂದು ಗೊತ್ತು, ನಮ್ಮ ವರ್ಣಮಾಲೆಯಲ್ಲಿ ಳಕಾರ ಕಟ್ಟಕಡೆಯದು. ಕಂಪ್ಯೂಟರ್ ಅಕ್ಷರವನ್ನು ನೋಡುವುದಿಲ್ಲ, ಅದರ ಸಂಖ್ಯೆಯನ್ನು ನೋಡುತ್ತದೆ. ಯೂನಿಕೋಡಿನಲ್ಲಿ ಲ ಅಕ್ಷರಕ್ಕೆ 3250, ಳ ಅಕ್ಷರಕ್ಕೆ 3251, ವ ಅಕ್ಷರಕ್ಕೆ 3253. ಪ್ರಮುಖ ಭಾರತೀಯ ಲಿಪಿಗಳಿಗೆ ಒಂದೇ ಅಚ್ಚಿನ ವಿನ್ಯಾಸ ಹಾಕಿದ್ದರಿಂದ, ದೇವನಾಗರಿಯಲ್ಲಿ ಎಲ್ಲಿತ್ತೋ ಅಲ್ಲೇ ಕನ್ನಡದ ಳ ಕೂಡ ಲಕಾರದ ಮಗ್ಗುಲಲ್ಲಿ ಕೂತಿತು. ಇದನ್ನು ಸರಿಪಡಿಸಹೊರಟವರು ಅಕ್ಷರಗಳ ಸಂಕೇತವೆಂದರೇನು, ಎರಡು ಪದಗಳನ್ನು ಹೋಲಿಸುವುದು ಹೇಗೆ, ನಮ್ಮ ಕ್ರಮವನ್ನು ಯಂತ್ರಕ್ಕೆ ಒಪ್ಪಿಸುವುದು ಹೇಗೆ ಎಂಬುದನ್ನೆಲ್ಲ ಕಲಿಯದೆ ವಿಧಿಯಿಲ್ಲ. ಕೋರ್ಸಿನಲ್ಲಿ ಇವೇ ಮೂರು ಬೇಸರದ ಅಧ್ಯಾಯಗಳು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವಾಗಲಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಾಗಲಿ ಹುಟ್ಟಿದ್ದು ಕಂಪ್ಯೂಟರಿನಲ್ಲಿ ಕನ್ನಡ ಬರೆಯಬೇಕೆಂಬ ಇಂಥದೇ ಅಗತ್ಯದಿಂದ.

ಬೇಕಾದಷ್ಟನ್ನೇ ಕಲಿತರೆ ಬುನಾದಿ ಗಟ್ಟಿಯಾಗುವುದಿಲ್ಲ ಎಂದು ಮೇಷ್ಟ್ರುಗಳು ಆಕ್ಷೇಪಿಸುತ್ತಾರೆ. ಸ್ಟ್ಯಾನ್‌ಫೋರ್ಡಿನ ಡೊನಾಲ್ಡ್ ಕ್ನೂತ್ ಅವರದು ಇದಕ್ಕೆ ಒಳ್ಳೆಯ ಉತ್ತರ. 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿ ಅಕ್ಷರಗಳ ಅಂದಗೇಡಿತನಕ್ಕೆ ಬೇಸತ್ತು, ಅಚ್ಚುಜೋಡಣೆಗೆ ತಾವೇ ‘ಟೆಕ್’ ಎಂಬ ತಂತ್ರಾಂಶ ಬರೆಯಲು ಕೂತರು. ಬೇಗ ಮುಗಿದೀತೆಂದುಕೊಂಡ ಕೆಲಸ ಹತ್ತು ವರ್ಷ ಹಿಡಿಯಿತು, ಅಕ್ಷರ ವಿನ್ಯಾಸದ ಇತಿಹಾಸದವರೆಗೂ ಎಳೆದೊಯ್ದಿತು. ಅಗತ್ಯ ನಿಜವಾಗಿದ್ದರೆ ಅರೆಬರೆ ಕಲಿಕೆಯಲ್ಲಿ ಸುಮ್ಮನಿರಲು ಅದು ಬಿಡುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹೊಟ್ಟೆಪಾಡಿಗೆ ಕಲಿಯುವವರಿಗೆ ಇದೆಲ್ಲ ಶೋಕಿಯ ಮಾತು. ಸಿವಿಲ್, ಮೆಕ್ಯಾನಿಕಲ್ ಓದಿದವರೂ ಸಾಫ್ಟ್‌ವೇರ್ ಕಂಪನಿ ಸೇರಿ, ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಂಥ ಕಡೆ ತಿಂಗಳುಗಟ್ಟಲೆ ತರಬೇತಿ ಪಡೆದು ಕೋಡ್ ಬರೆಯುತ್ತಿದ್ದಾರೆ. ಅವರನ್ನು ನಡೆಸಿದ್ದು ಸಂಬಳವೇ ತಾನೇ? ಸಂಬಳವೂ ಹೌದು. ಆದರೆ ಅಲ್ಲಿ ವೇಳಾಪಟ್ಟಿಯಿದೆ, ಪರೀಕ್ಷೆಯಿದೆ, ಪಕ್ಕದಲ್ಲಿ ಕೂತು ಕಷ್ಟಪಡುವ ಗೆಳೆಯರಿದ್ದಾರೆ. ದಿನದ ಕೆಲಸ ಮುಗಿಸಿ ರಾತ್ರಿ ಒಬ್ಬರೇ ಕೂತು ಕಲಿಯುವವರಿಗೆ ದೂರದ ಸಂಬಳದ ಆಸೆಯೊಂದೇ ಉಳಿಯುತ್ತದೆ, ಅದು ಎರರ್ ಎದುರು ಬಹಳ ಹೊತ್ತು ನಿಲ್ಲಲಾರದು. ಬಹುಮಾನ ಆಸಕ್ತಿಯನ್ನೇ ತಿನ್ನುವುದೂ ಉಂಟು. ಮಾರ್ಕ್ ಲೆಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳ ಪೈಕಿ ಕೆಲವರಿಗೆ, ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದ್ದರು. ವಾರ ಕಳೆದ ಮೇಲೆ ನೋಡಿದರೆ ಬಿಡುವಿನ ಹೊತ್ತಿನಲ್ಲಿ ಬಣ್ಣದ ಪೆನ್ನು ಮುಟ್ಟುವುದನ್ನು ಆ ಮಕ್ಕಳೇ ಕಡಿಮೆ ಮಾಡಿದ್ದರು. ಹೇಳದೆ ಪ್ರಶಸ್ತಿ ಕೊಟ್ಟ ಮಕ್ಕಳಲ್ಲಿ ಈ ಇಳಿತ ಕಾಣಲಿಲ್ಲ. ಮೊದಲೇ ಆಸಕ್ತಿ ಇದ್ದವರ ಮಾತು ಇದು ಎಂಬುದನ್ನು ಮರೆಯಬಾರದು; ಆಸಕ್ತಿಯೇ ಇಲ್ಲದವರನ್ನು ಬಾಗಿಲವರೆಗೆ ತರಲು ಸಂಬಳದ ಆಸೆ ಖಂಡಿತ ಬೇಕು. ಬಾಗಿಲು ದಾಟಿದ ಮೇಲೆ ಬೇರೆ ಏನಾದರೂ ಹಿಡಿದು ನಿಲ್ಲಿಸಬೇಕು.

ಎಐ ಕೋಡ್ ಬರೆಯುವಾಗ ನಾವೇಕೆ ಕಲಿಯಬೇಕು ಎಂಬುದು ಇತ್ತೀಚಿನ ಪ್ರಶ್ನೆ. ಪುಸ್ತಕದ ಪಟ್ಟಿಯನ್ನು ಜೋಡಿಸಿಕೊಡು ಎಂದರೆ ಅದೇ ಒಂದು ಸಾಲಿನ ಕೋಡನ್ನು ಅದೂ ಕೊಟ್ಟುಬಿಡಬಹುದು; ಳಕಾರ ಎಲ್ಲಿ ಕೂತಿದೆ ಎಂದು ನೋಡಬೇಕಾದವರು ಪಟ್ಟಿಯ ಯಜಮಾನರೇ. ಹಾಗೆ ನೋಡಬಲ್ಲವರಿಗೆ ಎಐ ಒಳ್ಳೆಯ ಸಹಾಯಕ, ಅರ್ಥವಾಗದ ಎರರನ್ನು ಕನ್ನಡದಲ್ಲೇ ಬಿಡಿಸಿ ಹೇಳುತ್ತದೆ.

ಕಲಿಕೆಗೆ ಎಳೆಯುವ ಅಂಥ ಸ್ವಂತ ಕೆಲಸ ಎಲ್ಲಿ ಸಿಗುತ್ತದೆ? ಹಾಳೆಯ ಮೇಲೆ ಮತ್ತೆ ಮತ್ತೆ ಮಾಡುತ್ತಿರುವ ಲೆಕ್ಕದಲ್ಲಿ. ಮದುವೆಯ ಮುಯ್ಯಿ ಪಟ್ಟಿ, ಸಂಘದ ಚೀಟಿ ವ್ಯವಹಾರ, ಶಾಲೆಯ ಹಾಜರಿ. ಹಾಲಿನ ಡೈರಿಯಲ್ಲಿ ಕೊಬ್ಬಿನಂಶ ಮತ್ತು ಕೊಬ್ಬಲ್ಲದ ಘನಾಂಶ, ಅಂದರೆ ಎಸ್‌ಎನ್‌ಎಫ್ ನೋಡಿ ದರ ಹಚ್ಚುವವರು ಅದನ್ನೇ ಎಕ್ಸೆಲ್ಲಿನಲ್ಲಿ ಇಫ್ ಸೂತ್ರ ಬರೆದು ಮಾಡಿದರೆ, ತಮಗೆ ಗೊತ್ತಿಲ್ಲದೆಯೇ ಪ್ರೋಗ್ರಾಮಿಂಗ್ ಶುರುಮಾಡಿದಂತೆ. ಶರತ್ತು ಹಾಕುವುದು, ಕೋಷ್ಟಕದಲ್ಲಿ ಬೆಲೆ ಹುಡುಕುವುದು, ಒಂದೇ ಕ್ರಮವನ್ನು ನೂರು ಸಾಲಿಗೆ ಅನ್ವಯಿಸುವುದು, ಎಲ್ಲವೂ ಅಲ್ಲಿದೆ. ತಿಂಗಳುಗಳ ಹಾಳೆಗಳನ್ನು ಒಟ್ಟುಗೂಡಿಸಿ ಪ್ರತಿ ಸದಸ್ಯರಿಗೂ ಬೇರೆಬೇರೆ ಚೀಟಿ ತೆಗೆಯಬೇಕಾದ ದಿನ ಎಕ್ಸೆಲ್ ಸಾಲದೆ ಪೈಥಾನ್ ಬೇಕೆನಿಸುತ್ತದೆ, ಆಗ ಪಾಠದ ಯಾವ ಅಧ್ಯಾಯದಿಂದ ಶುರುಮಾಡಬೇಕೆಂದು ಯಾರನ್ನೂ ಕೇಳಬೇಕಾಗಿರುವುದಿಲ್ಲ.