ಯುಎಸ್‌ಬಿ ಆಸಿಲೋಸ್ಕೋಪಿನ ಇನ್‌ಪುಟ್ ಚಾನೆಲ್ ದೋಷಪತ್ತೆ

ಯುಎಸ್‌ಬಿ ಆಸಿಲೋಸ್ಕೋಪ್ ಎಂಬುದು ವಿದ್ಯುತ್ ಸಂಕೇತಗಳನ್ನು ಅಂಕೀಯ ರೂಪಕ್ಕೆ ಪರಿವರ್ತಿಸಿ, ಅವುಗಳ ತರಂಗರೂಪವನ್ನು ಗಣಕಯಂತ್ರದ ಪರದೆಯ ಮೇಲೆ ತೋರಿಸುವ ಅಳತೆಯ ಉಪಕರಣ. ಸಂಕೇತವು ಉಪಕರಣವನ್ನು ಪ್ರವೇಶಿಸುವ ಪ್ರತಿಯೊಂದು ಮಾರ್ಗವನ್ನು ಇನ್‌ಪುಟ್ ಚಾನೆಲ್ ಎಂದು ಕರೆಯುತ್ತಾರೆ. ಎರಡು ಚಾನೆಲ್‌ಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ, ಸರಿಯಾಗಿರುವ ಇನ್ನೊಂದು ಚಾನೆಲ್ಲೇ ದೋಷಪತ್ತೆಗೆ ಅಳತೆಗೋಲಾಗುತ್ತದೆ.

ರಚನೆ

ಸಂಕೇತವು ಪ್ರೋಬ್‌ನಿಂದ ಬಿಎನ್‌ಸಿ ಕನೆಕ್ಟರ್‌ಗೆ, ಅಲ್ಲಿಂದ ವೋಲ್ಟೇಜನ್ನು ತಗ್ಗಿಸುವ ರೋಧಕಗಳ ಜಾಲಕ್ಕೆ, ಬಳಿಕ ವರ್ಧಕಕ್ಕೆ, ಕೊನೆಗೆ ಅಂಕೀಯ ಪರಿವರ್ತಕಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಇನ್‌ಪುಟ್ ರೋಧವು 1 ಮೆಗಾಓಮ್ ಇರುತ್ತದೆ. ಉದಾಹರಣೆಗೆ, ಹ್ಯಾಂಟೆಕ್ 6022ಬಿಇ ಮಾದರಿಯು ಎರಡು ಚಾನೆಲ್‌ಗಳನ್ನೂ 8 ಬಿಟ್‌ಗಳ, ಅಂದರೆ 256 ಹಂತಗಳ, ಪರಿವರ್ತನೆಯನ್ನೂ ಹೊಂದಿದೆ.

ಲಕ್ಷಣಗಳು

* ಸೊನ್ನೆಯಲ್ಲೇ ನಿಂತ ನೇರಗೆರೆ: ಪ್ರೋಬ್‌ನ ತಂತಿ ತುಂಡಾಗಿರಬಹುದು ಅಥವಾ ಕನೆಕ್ಟರ್‌ನ ಬೆಸುಗೆ ಬಿಟ್ಟಿರಬಹುದು.
* ಪರದೆಯ ಮೇಲಂಚಿಗೋ ಕೆಳ ಅಂಚಿಗೋ ಅಂಟಿಕೊಂಡ ಗೆರೆ: ಪ್ರೋಬ್ ತೆಗೆದರೂ ಹಾಗೆಯೇ ಇದ್ದರೆ ವರ್ಧಕದ ಮೇಲೆ ಸಂಶಯಪಡಬೇಕು.
* ಹತ್ತುಪಟ್ಟು ತಪ್ಪಾದ ಅಳತೆ: ಪ್ರೋಬ್‌ನ ಸ್ವಿಚ್ಚು ಮತ್ತು ತಂತ್ರಾಂಶದ ಆಯ್ಕೆ ಹೊಂದುತ್ತಿಲ್ಲ. ಇದು ಚಾನೆಲ್‌ನ ದೋಷವಲ್ಲ.
* ಕೆಲವು ವ್ಯಾಪ್ತಿಗಳಲ್ಲಿ ಮಾತ್ರ ತಪ್ಪು: ವ್ಯಾಪ್ತಿಯನ್ನು ಬದಲಿಸುವ ರಿಲೇ ಅಥವಾ ರೋಧಕಜಾಲ ಕೆಟ್ಟಿರುವ ಸಾಧ್ಯತೆಯಿದೆ.
* 50 ಹರ್ಟ್ಸ್‌ನ ಅಲೆ: ಪ್ರೋಬ್‌ನ ಗ್ರೌಂಡ್ ಕ್ಲಿಪ್ ಸಂಪರ್ಕದಲ್ಲಿಲ್ಲ.

ಪರೀಕ್ಷಾ ಕ್ರಮ

ಪರೀಕ್ಷೆಯು ಹೊರಗಿನಿಂದ ಒಳಗೆ ಸಾಗಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೊದಲು ಎರಡೂ ಚಾನೆಲ್‌ಗಳಿಗೆ ತಂತ್ರಾಂಶದಲ್ಲಿ ಒಂದೇ ವ್ಯಾಪ್ತಿಯನ್ನು ಆರಿಸಿ, ಉಪಕರಣದ ಮೇಲೆಯೇ ಇರುವ 1 ಕಿಲೋಹರ್ಟ್ಸ್‌ನ ಚೌಕ ತರಂಗವನ್ನು ಪರೀಕ್ಷಾ ಸಂಕೇತವಾಗಿ ಬಳಸಬೇಕು. ಅನಂತರ ಪ್ರೋಬ್‌ಗಳನ್ನು ಅದಲುಬದಲು ಮಾಡಬೇಕು. ದೋಷವು ಪ್ರೋಬ್‌ನ ಜೊತೆಗೆ ಸಾಗಿದರೆ ಪ್ರೋಬ್ ಕೆಟ್ಟಿದೆ. ಅದೇ ಚಾನೆಲ್‌ನಲ್ಲಿ ಉಳಿದರೆ ಉಪಕರಣದ ಒಳಗೇ ತೊಂದರೆಯಿದೆ. ಎರಡೂ ಚಾನೆಲ್‌ಗಳು ಒಟ್ಟಿಗೆ ಕೆಟ್ಟಂತೆ ಕಂಡರೆ ಯುಎಸ್‌ಬಿ ಕೇಬಲ್ ಮತ್ತು ವಿದ್ಯುತ್ ಪೂರೈಕೆಯನ್ನು ನೋಡಬೇಕು.

ಮುಂದಿನ ಹಂತದಲ್ಲಿ ಯುಎಸ್‌ಬಿ ಕೇಬಲನ್ನೂ ಪ್ರೋಬ್‌ಗಳನ್ನೂ ಕಳಚಿ, ಬಿಎನ್‌ಸಿಯ ನಡುವಣ ಪಿನ್ನು ಮತ್ತು ಹೊರಕವಚಗಳ ನಡುವಿನ ರೋಧವನ್ನು ಮಲ್ಟಿಮೀಟರಿನಿಂದ ಎರಡೂ ಚಾನೆಲ್‌ಗಳಲ್ಲಿ ಅಳೆಯಬೇಕು. ಒಳ್ಳೆಯ ಚಾನೆಲ್ ಸುಮಾರು 1 ಮೆಗಾಓಮ್ ತೋರಿಸುವಾಗ ಇನ್ನೊಂದು ಸೊನ್ನೆಯ ಸಮೀಪವಿದ್ದರೆ ಶಾರ್ಟ್ ಆಗಿದೆಯೆಂದೂ, ಅಳತೆಗೆ ಸಿಗದಷ್ಟು ಹೆಚ್ಚಿದ್ದರೆ ಮಾರ್ಗ ಕಡಿದಿದೆಯೆಂದೂ ತಿಳಿಯಬಹುದು. ಎರಡರ ಅಳತೆಯೂ ಸಮನಾಗಿದ್ದರೆ ದೋಷವು ವರ್ಧಕದಲ್ಲಿ ಅಥವಾ ಅದರಾಚೆ ಇರುವ ಸಂಭವ ಹೆಚ್ಚು.

ಕಾರಣ ಮತ್ತು ಎಚ್ಚರಿಕೆ

ಮಿತಿ ಮೀರಿದ ವೋಲ್ಟೇಜ್ ಚಾನೆಲ್ ಕೆಡಲು ಒಂದು ಮುಖ್ಯ ಕಾರಣ. 230 ವೋಲ್ಟ್‌ನ ಮನೆಬಳಕೆಯ ವಿದ್ಯುತ್ತಿನ ಶಿಖರಮೌಲ್ಯ ಸುಮಾರು 325 ವೋಲ್ಟ್ ಆಗುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಪ್ರತ್ಯೇಕಿತವಲ್ಲದ ಸಾಮಾನ್ಯ ಯುಎಸ್‌ಬಿ ಆಸಿಲೋಸ್ಕೋಪುಗಳಲ್ಲಿ ಎರಡೂ ಚಾನೆಲ್‌ಗಳ ಗ್ರೌಂಡ್ ಕ್ಲಿಪ್‌ಗಳು ಪರಸ್ಪರವೂ ಗಣಕಯಂತ್ರದ ಗ್ರೌಂಡಿನೊಂದಿಗೂ ನೇರವಾಗಿ ಸೇರಿರುತ್ತವೆ. ಕ್ಲಿಪ್ಪನ್ನು ಮನೆಬಳಕೆಯ ವಿದ್ಯುತ್ತಿಗೆ ನೇರವಾಗಿ ಸೇರಿದ ಮಂಡಲಕ್ಕೆ ಸಿಕ್ಕಿಸಿದರೆ ಆಸಿಲೋಸ್ಕೋಪಿನ ಜೊತೆಗೆ ಗಣಕಯಂತ್ರವೂ ಸುಡಬಹುದು. ಬ್ಯಾಟರಿಯಲ್ಲಿ ನಡೆಯುವ ಲ್ಯಾಪ್‌ಟಾಪ್ ಬಳಸಿದರೂ ಅಪಾಯ ತಪ್ಪುವುದಿಲ್ಲ. ಆಗ ಅದರ ಲೋಹಭಾಗಗಳಲ್ಲೇ ವಿದ್ಯುತ್ ಹರಿದು, ಮುಟ್ಟಿದವರ ಪ್ರಾಣಕ್ಕೆ ಸಂಚಕಾರ ಬರಬಹುದು. ಅಂತಹ ಅಳತೆಗಳಿಗೆ ಸೂಕ್ತ ವೋಲ್ಟೇಜ್ ಮಿತಿಯುಳ್ಳ ಡಿಫರೆನ್ಷಿಯಲ್ ಪ್ರೋಬ್ ಬಳಸಬೇಕಾಗುತ್ತದೆ.