ಹಾವಿನ ವಿಷಕ್ಕೆ ಹೊಸ ಮದ್ದಿನ ಹುಡುಕಾಟ



ಮುಂಗಾರು ಹಿಡಿಯಿತೆಂದರೆ ನಮಗೆ ಕೈತುಂಬ ಕೆಲಸ. ರಾಗಿ ಬಿತ್ತನೆ, ಕುಂಟೆ ಹೊಡೆಯುವುದು, ಕಳೆ ಕೀಳುವುದು ಎಂದು ಹೊತ್ತು ಮೂಡುವ ಮುಂಚೆ ಹೊಲಕ್ಕೆ ಇಳಿದವರು ಕತ್ತಲಾದ ಮೇಲೆಯೇ ಮನೆ ಸೇರುವುದು. ಹಾವಿಗೂ ಅದೇ ಕಾಲ. ಬಿಲಕ್ಕೆ ನೀರು ನುಗ್ಗುತ್ತೆ, ಕಪ್ಪೆ ಇಲಿಗಳು ಹೆಚ್ಚುತ್ತವೆ, ಅದೂ ಹೊರಗೆ ಬರುತ್ತೆ. ಕೆಂಗೇರಿ, ತಾವರೆಕೆರೆ, ಮಾಗಡಿ ರಸ್ತೆಯ ಆಚೀಚೆ ಹಳ್ಳಿಗಳವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ವಿಜಯನಗರ, ಬಸವೇಶ್ವರನಗರಗಳು ಹೊಲ ತೋಟಗಳಾಗಿದ್ದ ಕಾಲದ ಹಾವಿನ ಸಂತತಿ ಈಗಲೂ ಖಾಲಿ ನಿವೇಶನಗಳಲ್ಲಿ, ರಾಜಕಾಲುವೆಯ ಬದಿಯಲ್ಲಿ ಬದುಕಿಕೊಂಡಿದೆ. ಊರು ಬೆಳೆಯಿತು, ಹಾವು ಊರು ಬಿಡಲಿಲ್ಲ.

ನಮ್ಮ ದೇಶದಲ್ಲಿ ಹಾವು ಕಡಿದು ಸಾಯುವವರು ಎಷ್ಟು ಮಂದಿ ಎಂಬುದನ್ನು ವಿಜ್ಞಾನಿಗಳು ಲೆಕ್ಕಹಾಕಿ 2020ರಲ್ಲಿ ಪ್ರಕಟಿಸಿದರು. 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ. ವರ್ಷಕ್ಕೆ ಸರಾಸರಿ 58,000. ಅಂದರೆ ಗಂಟೆಗೆ ಆರು ಮಂದಿಗೂ ಮಿಕ್ಕಿ. ಅವರಲ್ಲಿ ಬಹುಪಾಲು ಹಳ್ಳಿಯವರು, ಕಾಲುಪಾಲಿಗಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ಇಷ್ಟು ಜನ ಸಾಯುವ ಬೇರೆ ರೋಗವಾಗಿದ್ದರೆ ಪ್ರಪಂಚವೆಲ್ಲ ಗುಲ್ಲಾಗುತ್ತಿತ್ತು. ಕಡಿಸಿಕೊಳ್ಳುವವರು ಬರಿಗಾಲಿನವರು, ಅದಕ್ಕೇ ಯಾರೂ ಬಹಳ ಕಾಲ ಕಿವಿಗೊಡಲಿಲ್ಲ ಎಂದರೆ ತಪ್ಪಾಗದು.

ಈಗ ಕಿವಿಗೊಟ್ಟವರೊಬ್ಬರು ನಮ್ಮ ಪಕ್ಕದಲ್ಲೇ ಇದ್ದಾರೆ. ರಾಜಾಜಿನಗರ ದಾಟಿ ಯಶವಂತಪುರದ ಕಡೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. 1909ರಲ್ಲಿ ಸ್ಥಾಪನೆಯಾದದ್ದು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವುದು. ಅಲ್ಲಿ ಡಾಕ್ಟರ್ ಕಾರ್ತಿಕ್ ಸುನಗರ್ ಮತ್ತು ಅವರ ಜೊತೆಗಾರರು ಹಾವಿನ ವಿಷವನ್ನೇ ಹಿಡಿದು ಕೆಲಸ ಮಾಡುತ್ತಿದ್ದಾರೆ. ಅವರು ಕಂಡುಕೊಂಡಿರುವುದು ಏನು, ಅದರಿಂದ ನಮಗೇನು ಎಂಬುದನ್ನು ನೋಡೋಣ.

ಮೊದಲು ಹಳೆಯ ಮದ್ದಿನ ವಿಷಯ. ಆಸ್ಪತ್ರೆಯಲ್ಲಿ ಕೊಡುವ ಹಾವಿನ ಇಂಜೆಕ್ಷನ್ನು ತಯಾರಾಗುವುದು ಹೇಗೆ ಗೊತ್ತೆ? ಕುದುರೆಯಿಂದ! ಹಾವಿನ ವಿಷವನ್ನು ಬಹಳ ಸ್ವಲ್ಪ ಸ್ವಲ್ಪವಾಗಿ, ಕುದುರೆ ಸಾಯದ ಹಾಗೆ, ಅದರ ಮೈಗೆ ಚುಚ್ಚುತ್ತಾ ಬರುತ್ತಾರೆ. ಕುದುರೆಯ ರಕ್ತದಲ್ಲಿ ಆ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟಿಕೊಳ್ಳುತ್ತವೆ. ಆ ರಕ್ತ ತೆಗೆದು, ಶುದ್ಧಿಮಾಡಿ, ಸೀಸೆಗೆ ತುಂಬುತ್ತಾರೆ. ಫ್ರಾನ್ಸಿನ ಕಾಲ್ಮೆಟ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಇದು. ಬುಡದಲ್ಲಿ ಇಂದಿಗೂ ಅದೇ ದಾರಿ.

ನಮ್ಮ ದೇಶದ ಮದ್ದು ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ವಿಷದ ಬಹುಭಾಗವನ್ನು ಒದಗಿಸುತ್ತಾ ಬಂದವರು ತಮಿಳುನಾಡಿನ ಇರುಳರು. ಹಾವು ಹಿಡಿಯುವುದರಲ್ಲಿ ಅವರ ಸಮ ಇನ್ನೊಬ್ಬರಿಲ್ಲ. 1978ರಲ್ಲಿ ಅವರದೇ ಒಂದು ಸಹಕಾರ ಸಂಘವಾಯಿತು. ಹಾವು ಹಿಡಿದು, ವಿಷ ಕಕ್ಕಿಸಿ, ಮತ್ತೆ ಕಾಡಿಗೆ ಬಿಡುವುದು ಅವರ ಪದ್ಧತಿ.

ಇಲ್ಲೇ ಇರುವುದು ತೊಡಕು. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ರಾಜಸ್ಥಾನದ ಹಾವಿಗೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆಯೆ? ಹಿಡಿಯದು ಎಂದು ಬೆಂಗಳೂರಿನ ಈ ವಿಜ್ಞಾನಿಗಳು 2019ರಿಂದ ಒಂದಾದ ಮೇಲೊಂದು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಒಂದೇ ಜಾತಿಯ ರಾಗಿ ಕೆಂಪುಮಣ್ಣಿನಲ್ಲಿ ಒಂದು ಥರ, ಎರೆಭೂಮಿಯಲ್ಲಿ ಇನ್ನೊಂದು ಥರ ಬರುವುದಿಲ್ಲವೆ? ವಿಷವೂ ಹಾಗೆಯೇ, ಸೀಮೆಯಿಂದ ಸೀಮೆಗೆ ಬೇರೆ. 2025ರಲ್ಲಿ ಪ್ರಕಟವಾದ ಕೆಲಸದಲ್ಲಿ ಅವರು ದೇಶದ 34 ಕಡೆಗಳಿಂದ 115 ಕೊಳಕುಮಂಡಲಗಳ ವಿಷ ತರಿಸಿ ನೋಡಿದರು. ಬಿಸಿಲು, ಮಳೆಗೆ ತಕ್ಕಂತೆ ವಿಷದ ಗುಣ ಒಂದಿಷ್ಟು ಬದಲಾಗುತ್ತದೆಂದು ಕಂಡಿತು. ಒಣಸೀಮೆಯ ಹಾವುಗಳ ವಿಷದಲ್ಲಿ ಮಾಂಸಖಂಡ, ರಕ್ತಗಳನ್ನು ಕರಗಿಸಿ ಕೆಡಿಸುವ ಅಂಶದ ಚಟುವಟಿಕೆ ಹೆಚ್ಚು. ಯಾವ ತಾಲ್ಲೂಕಿನಲ್ಲಿ ಎಂಥ ವಿಷ ಇರಬಹುದೆಂದು ಮುಂಚೆಯೇ ಊಹಿಸಿ ನಕ್ಷೆ ಬರೆಯಲು ಇದು ದಾರಿ.

ಕುದುರೆಯ ಮದ್ದಿಗೆ ಇನ್ನೊಂದು ದೋಷವುಂಟು. ಕುದುರೆಗೆ ಹಿಂದೆ ತಗುಲಿದ ನೆಗಡಿ ಜ್ವರ, ಕೊಟ್ಟಿಗೆಯ ಕ್ರಿಮಿ ಎಲ್ಲಕ್ಕೂ ಅದರ ರಕ್ತದಲ್ಲಿ ಪ್ರತಿಕಾಯಗಳು ಇರುತ್ತವೆ. ಸೀಸೆಯಲ್ಲಿ ಹಾವಿನ ವಿಷಕ್ಕೆ ಕೆಲಸ ಮಾಡುವುದು ಒಂದು ಪಾಲು ಮಾತ್ರ. ಅದಕ್ಕೇ ಒಬ್ಬ ರೋಗಿಗೆ ಎಂಟು ಹತ್ತು ಸೀಸೆ ಹಾಕಬೇಕಾಗುವುದು. ಕೆಲವರಿಗೆ ಕುದುರೆಯ ಅಂಶ ಒಗ್ಗದೆ ಮೈ ದದ್ದೇಳುತ್ತೆ, ಉಸಿರು ಕಟ್ಟುತ್ತೆ.

ಕುದುರೆಯೇ ಇಲ್ಲದೆ, ಮನುಷ್ಯನ ಪ್ರತಿಕಾಯವನ್ನೇ ಪ್ರಯೋಗಶಾಲೆಯಲ್ಲಿ ಬೆಳೆದುಕೊಂಡರೆ ಹೇಗೆ? ಬೆಂಗಳೂರಿನವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ, ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯಕೀಯ ಸಂಸ್ಥೆಗಳ ಜೊತೆ ಸೇರಿ ಇದನ್ನೇ ಮಾಡಿ, 2024ರ ಫೆಬ್ರವರಿಯಲ್ಲಿ ಪ್ರಕಟಿಸಿದರು.

ಇದನ್ನು ತಿಳಿಯಬೇಕಾದರೆ ನರವಿಷದ ಕೆಲಸ ತಿಳಿಯಬೇಕು. ಕೈ ಎತ್ತಬೇಕೆಂದು ನೀವು ಎಣಿಸಿದೊಡನೆ ನರದ ತುದಿಯಿಂದ ಒಂದು ರಸ ಹೊರಟು ಸ್ನಾಯುವಿನ ಬಾಗಿಲು ತಟ್ಟುತ್ತದೆ. ಆಗ ಸ್ನಾಯು ಅಲುಗುತ್ತದೆ. ನಾಗರಹಾವು, ಕಟ್ಟುಹಾವಿನ ವಿಷದಲ್ಲಿರುವ ಒಂದು ಬಗೆಯ ಪ್ರೋಟೀನು ಹೋಗಿ ಆ ಬಾಗಿಲಿಗೆ ಅಡ್ಡ ಕೂತುಬಿಡುತ್ತೆ. ನರ ಎಷ್ಟು ಕೂಗಿದರೂ ಸ್ನಾಯುವಿಗೆ ಕೇಳದು. ಕಣ್ಣುರೆಪ್ಪೆ ಜೋಲುತ್ತೆ, ನಾಲಗೆ ತೊದಲುತ್ತೆ, ಕೊನೆಗೆ ಎದೆಗೂಡಿನ ಸ್ನಾಯು ನಿಂತು ಉಸಿರು ನಿಲ್ಲುತ್ತೆ. ಮನುಷ್ಯನಿಗೆ ಪ್ರಜ್ಞೆ ಇದ್ದೂ ಉಸಿರಿಲ್ಲ.

ವಿಜ್ಞಾನಿಗಳು ಬ್ರೆಡ್ಡು ಉಬ್ಬಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಮೈಮೇಲೆ ಮನುಷ್ಯರ ನಾನಾ ಬಗೆಯ ಪ್ರತಿಕಾಯಗಳನ್ನು ಬರುವಂತೆ ಮಾಡಿದರು. ಬಗೆಗಳೋ ಕೋಟಿಗಟ್ಟಲೆ. ಅವನ್ನು ಬೇರೆ ಬೇರೆ ಹಾವುಗಳ ಈ ನರವಿಷದ ಮುಂದೆ ಒಡ್ಡಿ, ಯಾವುದು ಗಟ್ಟಿಯಾಗಿ ಹಿಡಿಯುತ್ತದೆಂದು ಜರಡಿ ಹಿಡಿದ ಹಾಗೆ ಮತ್ತೆ ಮತ್ತೆ ಸೋಸಿದರು. ಕೊನೆಗೆ ಒಂದು ಉಳಿಯಿತು. ಅದರ ಉಪಾಯ ಬಹಳ ಚೆಂದ. ಕರು ಸತ್ತ ಹಸು ಹಾಲು ಬಿಡದಿದ್ದರೆ ಹಿಂದೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನೇ ತನ್ನ ಕರುವೆಂದು ನೆಕ್ಕುತ್ತಿತ್ತು. ಈ ಪ್ರತಿಕಾಯವೂ ಅಂಥದ್ದೆ. ಸ್ನಾಯುವಿನ ಬಾಗಿಲಿನ ಹಾಗೇ ಅದಕ್ಕೂ ಒಂದು ಆಕಾರವಿದೆ. ವಿಷ ಮೋಸಹೋಗಿ ಇದಕ್ಕೆ ಅಂಟಿಕೊಳ್ಳುತ್ತೆ, ನಿಜವಾದ ಬಾಗಿಲು ಉಳಿಯುತ್ತೆ.

ಪ್ರಯೋಗದ ಇಲಿಗಳಿಗೆ ತೈವಾನಿನ ಕಟ್ಟುಹಾವು, ಥಾಯ್ಲೆಂಡ್ ಕಡೆಯ ನಾಗರ, ಆಫ್ರಿಕದ ಕಪ್ಪು ಮಾಂಬ ಎಂಬ ಹಾವು, ಇವುಗಳ ವಿಷ ಕೊಟ್ಟು ನೋಡಿದರು. ಒಂದೇ ಪ್ರತಿಕಾಯ ಮೂರಕ್ಕೂ ತಡೆಹಾಕಿತು. ವಿಷ ಕೊಟ್ಟು 10 ನಿಮಿಷ, 20 ನಿಮಿಷ ತಡಮಾಡಿ ಮದ್ದು ಕೊಟ್ಟಾಗಲೂ ಇಲಿಗಳು ಬದುಕಿದವು. ಕುದುರೆಯ ಮದ್ದಾದರೋ 10 ನಿಮಿಷ ತಡವಾದರೆ ಬಹಳ ಸೊರಗಿತು. ಹಳ್ಳಿಯಿಂದ ಆಸ್ಪತ್ರೆ ದೂರವಿರುವ ನಮಗೆ ಈ ಗುಣ ಎಷ್ಟು ಬೆಲೆಯುಳ್ಳದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ನಾಳೆಯೇ ಆಸ್ಪತ್ರೆಗೆ ಬಂತೆಂದು ತಿಳಿಯಬೇಡಿ. ಇದು ಇಲಿಯ ಮೇಲೆ ಗೆದ್ದ ಮದ್ದು, ಮನುಷ್ಯನ ಮೇಲೆ ಪರೀಕ್ಷೆಯಾಗಬೇಕು. ಅದೂ ಅಲ್ಲದೆ ಇದು ಒಂದು ಬಗೆಯ ನರವಿಷಕ್ಕೆ ಮಾತ್ರ. ನಮ್ಮಲ್ಲಿ ಬಹಳ ಜನರನ್ನು ಕೊಲ್ಲುವ ಕೊಳಕುಮಂಡಲದ ಕಡಿತಕ್ಕೆ ಇದು ನಡೆಯದು. ಅದರ ವಿಷ ಹೋಗುವುದು ರಕ್ತಕ್ಕೆ. ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತೆ, ಒಸಡಿನಿಂದ ಸೋರುತ್ತೆ, ಮೂತ್ರಪಿಂಡ ಕೆಡುತ್ತೆ. ಇದಕ್ಕೊಂದು ಸರಳ ಪರೀಕ್ಷೆಯನ್ನು ಡಾಕ್ಟರು ಮಾಡುತ್ತಾರೆ. ಒಣ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆಮಾಡಿ ನೋಡುವುದು. ಹೆಪ್ಪು ಹಾಕಿದ ಹಾಲು ಮೊಸರಾಗದೆ ನೀರಾಗೇ ಉಳಿದಂತೆ ರಕ್ತ ಹರಿದರೆ ವಿಷ ಏರಿದೆ ಎಂದರ್ಥ. ಡಾಕ್ಟರು ಸುಮ್ಮನೆ ಕೂತಿದ್ದಾರೆ ಅಂತ ಆ ಹೊತ್ತಿನಲ್ಲಿ ಅವರ ಮೇಲೆ ರೇಗಬೇಡಿ.

ಹೊಸ ಮದ್ದು ಬರುವವರೆಗೆ ನಮಗಿರುವುದು ಕುದುರೆಯ ಮದ್ದೇ. ಅದರ ಕುಂದುಗಳನ್ನು ಇಷ್ಟು ಹೇಳಿದ್ದು ಅದನ್ನು ಬಿಡಲೆಂದಲ್ಲ. ಇಂದಿಗೂ ಜನರನ್ನು ಉಳಿಸುತ್ತಿರುವುದು ಅದೊಂದೇ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮ ಮಂತ್ರವಾದಿ ಎಷ್ಟೋ ಜನರನ್ನು ಬದುಕಿಸಿದ್ದಾನಲ್ಲ ಎಂದು ಯಾರಾದರೂ ಕೇಳಬಹುದು. ಕಡಿಯುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇಲ್ಲ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತೆ. ಅಂಥವರು ಮಂತ್ರವಿಲ್ಲದಿದ್ದರೂ ಬದುಕುತ್ತಿದ್ದರು. ನಿಜವಾಗಿ ವಿಷವೇರಿದವನು ಮಾತ್ರ ಅಲ್ಲಿ ಕಾಯುತ್ತಾ ಕೂತು ಹೊತ್ತು ಕಳೆದುಕೊಳ್ಳುತ್ತಾನೆ.

ಕಡಿದ ಜಾಗದ ಮೇಲೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಬಿಗಿದರೆ ಮಂಡಲದ ವಿಷ ಒಂದೇ ಕಡೆ ನಿಂತು ಕೈಕಾಲು ಕೊಳೆಯುತ್ತೆ, ಬಿಚ್ಚಿದಾಗ ಒಮ್ಮೆಲೆ ನುಗ್ಗುತ್ತೆ. ಉಂಗುರ, ಬಳೆ, ಕಾಲ್ಗೆಜ್ಜೆ ಬಾವು ಬರುವ ಮುಂಚೆಯೇ ತೆಗೆಯಿರಿ. ಮುರಿದ ಕಾಲಿಗೆ ದಬ್ಬೆ ಕಟ್ಟುವಂತೆ ಸಡಿಲವಾಗಿ ದಬ್ಬೆ ಕಟ್ಟಿ, ಆ ಕಾಲು ಅಲುಗದಿರಲಿ. ನಡೆಸಬೇಡಿ. 108ಕ್ಕೆ ಫೋನು ಮಾಡಿ. ಗಾಡಿ ತಡವಾಗುವುದಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡೇ ಹೊರಡಿ. ಹಾವನ್ನು ಬಡಿದು ತರುವ ಸಾಹಸ ಬೇಡ, ಅದರಿಂದ ಇನ್ನೊಬ್ಬನಿಗೂ ಕಡಿತವಾದೀತು. ಕಡಿದ ಹೊತ್ತು ಎಷ್ಟೆಂದು ಮಾತ್ರ ನೆನಪಿಡಿ.

ಕಟ್ಟುಹಾವಿನ ವಿಷಯದಲ್ಲಿ ತಾಯಂದಿರು ಹೆಚ್ಚು ಎಚ್ಚರವಿರಬೇಕು. ಅದು ಬರುವುದು ರಾತ್ರಿ, ಕಡಿಯುವುದು ನೆಲದ ಮೇಲೆ ಮಲಗಿದವರನ್ನು. ನೋವು ಅಷ್ಟಾಗಿ ಇರುವುದಿಲ್ಲ, ಗಾಯ ಕಾಣಿಸದು. ಬೆಳಿಗ್ಗೆ ಮಗು ಹೊಟ್ಟೆನೋವು ಎನ್ನುತ್ತೆ. ಅಜೀರ್ಣವಿರಬೇಕು ಅಂತ ಕಷಾಯ ಕೊಡುತ್ತೇವೆ. ಆಮೇಲೆ ಕಣ್ಣುರೆಪ್ಪೆ ಎತ್ತಲಾರದು. ಹೊಟ್ಟೆನೋವಿನ ಜೊತೆಗೆ ರೆಪ್ಪೆ ಜೋತಿದ್ದರೆ, ನುಂಗಲು ಕಷ್ಟವಾದರೆ, ಹಾವು ಕಂಡಿರಲಿ ಬಿಡಲಿ, ಉಸಿರಾಟದ ಯಂತ್ರವಿರುವ ಆಸ್ಪತ್ರೆಗೇ ಒಯ್ಯಿರಿ. ಈ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ಮದ್ದು ಕೊಟ್ಟ ಮೇಲೂ ಕೆಲವು ದಿನ ಯಂತ್ರವೇ ಉಸಿರಾಡಿಸಬೇಕಾಗಬಹುದು. ಮೇಲಿಂದ ನೋಡಿದರೆ ಹೆಣದಂತೆ ಕಂಡವರು ಹಾಗೆ ಎದ್ದು ಕೂತದ್ದುಂಟು. ಮಂಚವಿಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಚೆನ್ನಾಗಿ ಸಿಕ್ಕಿಸಿ ಮಲಗಿ. ಸೊಳ್ಳೆಗೂ ಆಯಿತು, ಹಾವಿಗೂ ಆಯಿತು.

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಪ್ರತಿಯೊಂದು ಹಾವು ಕಡಿತವನ್ನೂ ಸಾವನ್ನೂ ಆಸ್ಪತ್ರೆಗಳು, ಸರ್ಕಾರಿಯಾಗಲಿ ಖಾಸಗಿಯಾಗಲಿ, ವರದಿ ಮಾಡಲೇಬೇಕೆಂದು ಗೊತ್ತುಮಾಡಿತು. ಯಾವ ಊರಿಗೆ ಎಷ್ಟು ಸೀಸೆ ಮದ್ದು ಬೇಕೆಂದು ತಿಳಿಯುವುದು ಇಂಥ ಲೆಕ್ಕದಿಂದಲೇ. ಮನೆಯಲ್ಲೇ ಮುಚ್ಚಿಟ್ಟ ಕಡಿತ ಆ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನೊಂದು ಮಾತು. ಮದ್ದು ಹಾಕಿ ಸ್ವಲ್ಪ ಚೇತರಿಸಿಕೊಂಡ ಕೂಡಲೆ, ದನ ಕರೆಯುವವರಿಲ್ಲ, ಹೊಲದ ಕೆಲಸ ನಿಂತಿದೆ ಎಂದು ಆಸ್ಪತ್ರೆಯಿಂದ ಎದ್ದು ಬರುವವರಿದ್ದಾರೆ. ಮಂಡಲ ಕಡಿದವರಿಗೆ ಇದು ಬಹಳ ಕೇಡು. ಮನೆಗೆ ಕಳಿಸಿದ ಮೇಲೂ ಕೆಲವು ದಿನ ಮೂತ್ರ ಎಷ್ಟು ಹೋಗುತ್ತದೆ, ಬಣ್ಣ ಹೇಗಿದೆ ಎಂದು ಗಮನಿಸುತ್ತಿರಿ. ಮೂತ್ರ ಕಡಮೆಯಾದರೆ, ಕೆಂಪಾದರೆ ಅಥವಾ ಮುಖ ಊದಿಕೊಂಡರೆ ಅವತ್ತೇ ವಾಪಸು ಹೋಗಿ ಅದೇ ಡಾಕ್ಟರಿಗೆ ತೋರಿಸಿ.